ಈರಕ್ಕ ಗುಡಿಸಲಿಗೆ ಹೋಗದ ತಿಂಗಳುಗಳು

ಇದರಲ್ಲಿ ನಡೆದದ್ದೆಷ್ಟು, ನಾನು ಆಮೇಲೆ ಸೇರಿಸಿಕೊಂಡದ್ದೆಷ್ಟು ಎಂದು ಕೇಳಿದರೆ ಹೇಳಲಾರೆ. ಒದ್ದೆ ಗೋಣಿಚೀಲದ ವಾಸನೆ ಮೂಗಿಗೆ ಬಂದರೆ ಸಾಕು, ಹಿರೇಗುಂಟನೂರಿನ ಹತ್ತಿರದ ಕುರಿ ಸಾಕುವವರ ನಮ್ಮ ಹಟ್ಟಿ, ಬೇಲಿಯಾಚೆಯ ಹೊಂಗೆಮರ, ಅದರಡಿಯ ಸೋಗೆ ಗುಡಿಸಲು, ಒಳಗೆ ಗೋಣಿಚೀಲ ಹಾಸಿಕೊಂಡು ಕೂತ ನನ್ನ ಈರಕ್ಕ, ಎಲ್ಲ ಒಮ್ಮೆಲೇ ಎದ್ದು ಬರುತ್ತವೆ. ಜೋರು ಮಳೆ ಸುರಿಯುತ್ತಿತ್ತು ಎಂದು ನೆನಪು. ನಮ್ಮ ಸೀಮೆಯಲ್ಲಿ ಅಷ್ಟು ಮಳೆ ಎಲ್ಲಿಂದ ಬರಬೇಕು? ವಿಶ್ವವಿದ್ಯಾಲಯದಲ್ಲಿ ಎಲ್ಲವನ್ನೂ ಅನುಮಾನಿಸುವುದನ್ನು ಕಲಿತವನು ನಾನು. ನನ್ನ ನೆನಪನ್ನೂ ಬಿಟ್ಟಿಲ್ಲ. ಅಕ್ಕನನ್ನು ಕೇಳೋಣವೆಂದರೆ ಅವಳು ಈಗ ಇಲ್ಲ.

ಮುಟ್ಟಾದ ಹೆಂಗಸರು ಮೂರು ದಿನ ಆ ಗುಡಿಸಲಲ್ಲಿ ಇರಬೇಕಿತ್ತು, ಮನೆಯೊಳಗೆ ಕುಲದೇವರನ್ನಿಟ್ಟ ಪೆಟ್ಟಿಗೆ ಇತ್ತು, ಅದಕ್ಕೆ ಮೈಲಿಗೆಯಾಗಬಾರದಿತ್ತು. ಹಾಗಾಗಿ ಯಾರ ಮೈಯ ಗುಟ್ಟೂ ಅವರದಾಗಿರಲಿಲ್ಲ. ಇಡೀ ಹಟ್ಟಿಗೆ ಗೊತ್ತಾಗುತ್ತಿತ್ತು. ಈರಕ್ಕ ದೊಡ್ಡವಳಾಗಿ ವರ್ಷವಾಗಿತ್ತೇನೋ. ಒಂಬತ್ತನೇ ಕ್ಲಾಸು ಓದುತ್ತಿದ್ದಳು, ಟೀಚರಾಗುತ್ತೇನೆ ಎನ್ನುತ್ತಿದ್ದಳು. ಆ ವರ್ಷ ಕೆಲವು ತಿಂಗಳು ಅವಳು ಗುಡಿಸಲಿನ ಕಡೆ ಹೋಗಲೇ ಇಲ್ಲ. ಪಕ್ಕದ ಮನೆಯ ಕಾಟಮ್ಮತ್ತೆ ಬಾವಿಕಟ್ಟೆಯಲ್ಲಿ ಹಿಡಿದುಕೊಂಡಳು.

“ಏನೇ ಈರಿ, ಗುಡ್ಸಲ ದಾರಿ ಮರ್ತೇನೇ?”

“ನೀನೇ ಕಾವಲು ಕುಂತಿದೀಯಲ್ಲತ್ತೆ, ಯಾವಾಗ ಹೋಗ್ಬೇಕು ಅಂತ ನೀನೇ ಹೇಳು.”

ಎಲ್ಲರೂ ನಕ್ಕರು. ಆ ನಗು ಸಂಜೆಯೊಳಗೆ ಬೇರೆಯದೇ ಆಗಿ ನಮ್ಮ ಮನೆ ಸೇರಿತು. ಮುಟ್ಟು ಮುಚ್ಚಿಟ್ಟು ದೇವರಿಗೆ ಮೈಲಿಗೆ ಮಾಡಿದಾಳೆ ಎಂದು ಕೆಲವರು. ಬಸಿರಂತೆ ಎಂದು ಕೆಲವರು. ಅಪ್ಪ ಸ್ಕೂಲು ಬಿಡಿಸುತ್ತೇನೆ ಎಂದು ಎದ್ದ. “ದುರ್ಗಕ್ಕೆ ಹೋಗಿ ಡಾಕ್ಟ್ರಿಗಾದ್ರೂ ತೋರ್ಸಾಣಪ್ಪ” ಎಂದು ಅಕ್ಕ ಅತ್ತಳು. “ಬಸ್ಸೆಲ್ಲೈತೆ ದುರ್ಗಕ್ಕೆ? ನಿಮ್ಮಜ್ಜ ಬಿಟ್ಟಿದಾನಾ?” ಎಂದ ಅಪ್ಪ. ಅಲ್ಲಿಗೆ ಡಾಕ್ಟರ ಮಾತು ಮುಗಿಯಿತು.

ಸ್ಕೂಲು ಉಳಿಸಲು ಅವ್ವ ಒಂದು ಉಪಾಯ ಹುಡುಕಿದಳು. “ಸುಮ್ನೆ ಹೋಗಿ ಗುಡ್ಸಲಾಗೆ ಕುಂತ್ಕ. ಜನದ ಬಾಯಿ ಮುಚ್ಚುತ್ತೆ.”

“ಆಗದೆ ಹೆಂಗ್ ಕುಂತ್ಕಳ್ಳಲವ್ವ?”

“ಆದೋರು ಹೆಂಗ್ ಕುಂತ್ಕಂತಾರೋ ಹಂಗೆ, ಮುಖ ಊದಿಸ್ಕಂಡು.”

ಅಕ್ಕ ಹೋಗಿ ಕೂತಳು, ಸ್ನಾನ ಮಾಡಿ ಮನೆಗೆ ಬಂದಳು, ಬ್ಯಾಗು ಹಾಕಿಕೊಂಡು ಸ್ಕೂಲಿಗೂ ಹೋದಳು. ಹಟ್ಟಿ ತಣ್ಣಗಾಯಿತು. ವಾರ ಕಳೆದಿರಲಿಲ್ಲ, ನಿಜವಾಗಿಯೂ ಮುಟ್ಟಾದಳು. ಜನಕ್ಕೆ ಸುಳ್ಳು ಹೇಳಿದ್ದ ಅವ್ವನಿಗೆ ದೇವರಿಗೂ ಹೇಳುವ ಧೈರ್ಯವಿರಲಿಲ್ಲ. ಮಗಳನ್ನು ಮತ್ತೆ ಗುಡಿಸಲಿಗೆ ಕಳಿಸಿದಳು. “ಮೊನ್ನೆ ತಾನೇ ಎದ್ದು ಬಂದ್ಯಲ್ಲೇ!” ಎಂದು ಕಾಟಮ್ಮತ್ತೆ ಬೇಲಿಯ ಹತ್ತಿರವೇ ಕೂಗಿದಳು. ಮೊದಲ ಸಲ ಕೂತದ್ದು ನಾಟಕ ಎಂದು ಬಯಲಾಯಿತು. ನಿಜದ ಮುಟ್ಟು ಬಸಿರಿನ ಮಾತನ್ನು ಅಳಿಸಬೇಕಿತ್ತು ತಾನೇ? ಇಲ್ಲ. ಬಸಿರು ಇಳಿಸಿಕೊಂಡಿದ್ದಾಳೆ, ಅದನ್ನು ಮುಚ್ಚಲು ನಾಟಕ ಎಂದು ತೀರ್ಮಾನವಾಯಿತು. ಈ ತರ್ಕದ ಮುಂದೆ ಯಾವ ಪುರಾವೆ ತಾನೇ ನಿಲ್ಲುತ್ತದೆ? ಆ ಬೇಸಿಗೆಯಲ್ಲಿ ಅಕ್ಕನನ್ನು ಹೊಸದುರ್ಗದ ಕಡೆಗೆ ಮದುವೆ ಮಾಡಿ ಕೊಟ್ಟರು. ಹತ್ತನೇ ಕ್ಲಾಸಿನ ಬಾಗಿಲನ್ನು ಅವಳು ನೋಡಲಿಲ್ಲ.

ನನಗೆ ಈಗಲೂ ರೇಗುವುದು ಒಂದು ವಿಷಯಕ್ಕೆ. ಎಳೆಯ ಕುರಿ ಹೊತ್ತಿಗೆ ಸರಿಯಾಗಿ ಬೆದೆಗೆ ಬರದಿದ್ದರೆ ಅಪ್ಪ, “ಇನ್ನೂ ಎಳೇದು, ಬಿಡು, ತಾನೇ ಸರಿಹೋಗುತ್ತೆ” ಎಂದು ಅದರ ಬೆನ್ನು ಸವರುತ್ತಿದ್ದ. ದೊಡ್ಡವರಾದ ಮೊದಲ ಒಂದೆರಡು ವರ್ಷ ಹೆಣ್ಣುಮಕ್ಕಳಿಗೂ ಹೀಗೆ ಹಿಂದುಮುಂದಾಗುವುದು ಸಾಮಾನ್ಯ, ಮೂರು ತಿಂಗಳು ದಾಟಿದರೆ ಒಮ್ಮೆ ತೋರಿಸಿದರಾಯಿತು ಎಂದು ಬಹಳ ಕಾಲದ ಮೇಲೆ ಒಬ್ಬ ಡಾಕ್ಟರು ನನಗೆ ಹೇಳಿದರು. ಇಷ್ಟೇ ಮಾತು.

ಹೊಂಗೆಮರ ಈಗಿಲ್ಲ, ಗುಡಿಸಲಿಲ್ಲ, ಅಪ್ಪ ಅವ್ವ ಇಲ್ಲ. ಮನೆಯಿದ್ದ ಕಡೆ ಯಾರದೋ ದಾಳಿಂಬೆ ತೋಟ. ಮಳೆ ಬಂದಿತ್ತೋ ಇಲ್ಲವೋ, ಅಕ್ಕ ಗುಡಿಸಲಲ್ಲಿ ಅತ್ತಳೋ ಇಲ್ಲವೋ, ಯಾವುದಕ್ಕೂ ನಾನು ಪ್ರಮಾಣ ಮಾಡಲಾರೆ. ಒಂದನ್ನು ಮಾತ್ರ ಊರಿಗೆ ಹೋಗಿ ಹಳಬರನ್ನು ಕೇಳಿ ಖಚಿತ ಮಾಡಿಕೊಂಡೆ. ದುರ್ಗಕ್ಕೆ ಆಗಲೂ ಬೆಳಗಿನ ಬಸ್ಸಿತ್ತು, ಹಟ್ಟಿಯ ಕ್ರಾಸಿನಲ್ಲೇ ನಿಲ್ಲುತ್ತಿತ್ತು. ಅದೇ ವರ್ಷ ಅಪ್ಪ ಕಾಲು ಮುರಿದ ಟಗರನ್ನು ಅದರ ಮೇಲೆ ಹಾಕಿಸಿಕೊಂಡು ದುರ್ಗದ ದನದ ಆಸ್ಪತ್ರೆಗೆ ಹೋಗಿಬಂದಿದ್ದ.