ನೀರಿಗೆ ದಾರಿ ತೋರಿಸುವ ಅಕ್ಕ

ಆಸ್ಪತ್ರೆಯ ಮಾಲೀಶಿನ ಅಕ್ಕನ ಕೈ ಬಲು ಹಗುರ. ಕ್ಯಾನ್ಸರ್ ಆಪರೇಷನ್ನಿನಲ್ಲಿ ಕಂಕುಳ ಗ್ರಂಥಿಗಳನ್ನು ತೆಗೆಸಿಕೊಂಡು, ದುಗ್ಧರಸವೆಂಬ ಮೈಯೊಳಗಿನ ನೀರು ಹರಿಯದೆ ಕೈ ಊದಿಕೊಂಡವರೆಲ್ಲ ಅವಳ ಪಾಲಿಗೆ. ಅವಳೋ ಬೆಕ್ಕಿನ ಬೆನ್ನು ಸವರಿದಂತೆ ಸವರುತ್ತಾಳೆ. "ಸ್ವಲ್ಪ ಒತ್ತಿ ತಿಕ್ಕಮ್ಮ, ಊಟ ಮಾಡಿಲ್ವಾ?" ಎಂದರೆ, "ಇದೇನು ಪಾತ್ರೆನಾ ತಿಕ್ಕೋಕೆ? ಹಳೇ ದಾರಿ ಮುಚ್ಚಿದೆ, ನೀರಿಗೆ ನಯವಾಗಿ ಹೊಸ ದಾರಿ ತೋರಿಸ್ಬೇಕು" ಎನ್ನುತ್ತಾಳೆ. ಬಸ್ಸಿನಲ್ಲಿ ಪಕ್ಕದವರು ಸೊಳ್ಳೆ ಕಡಿತ ಕೆರೆದುಕೊಂಡರೂ, "ಗಾಯ ಮಾಡ್ಕೋಬೇಡಿ, ಸೋಂಕು ಒಳಗೆ ಬರದಂತೆ ಚರ್ಮವೇ ಕೋಟೆಗೋಡೆ!" ಎಂದು ಕೈ ಹಿಡಿದುಬಿಡುತ್ತಾಳೆ. ಮೊನ್ನೆ ಹೊಸದಾಗಿ ಬಂದ ಟೈಲರಮ್ಮ, "ಈ ಕೈ ಇನ್ನು ಕತ್ತರಿ ಹಿಡಿಯಲ್ಲ. ನಿಮಗೇನು ಗೊತ್ತು ನನ್ನ ಸಂಕಟ?" ಎಂದು ಅತ್ತಳು. ಅಕ್ಕ ಬಿಳಿ ಕೋಟಿನ ತೋಳು ಮಡಚಿ ಎರಡೂ ಕೈಗಳನ್ನು ಮುಂದೆ ಚಾಚಿದಳು. "ಇದರಲ್ಲಿ ನಿಮ್ಮ ಹಾಗೇ ಊದಿದ್ದ ಕೈ ಯಾವುದು, ಹೇಳಿ ನೋಡೋಣ." ಟೈಲರಮ್ಮ ಕಣ್ಣೊರೆಸಿಕೊಂಡು ನೋಡಿದಳು, ಮುಟ್ಟಿ ನೋಡಿದಳು, ಊಹೂಂ, ಗೊತ್ತೇ ಆಗಲಿಲ್ಲ.