ಗ್ರೆಗರಿ ಬಾಬ್ ಬಾರಿಸದ ಗಂಟೆ

ಗ್ರೆಗರಿ ಬಾಬ್ ಮಾತನಾಡುವಾಗ ಅವರ ಬಲಗೈ ಕಾಣದ ಹಗ್ಗವೊಂದನ್ನು ಕೆಳಗೆಳೆಯುತ್ತಿತ್ತು. ಕಾರ್ಕಳದ ಕಡೆಯ ತಮ್ಮೂರ ಚರ್ಚಿನಲ್ಲಿ, ಅವರ ಮಾತಿನ ಇಗರ್ಜಿಯಲ್ಲಿ, ಚಿಕ್ಕಂದಿನಿಂದ ಗಂಟೆ ಬಾರಿಸಿದ ಕೈ ಅದು. ದುಡಿಯಲು ಬಂದ ಕುವೈತಿನಲ್ಲಿ ಗಂಟೆಯ ಸದ್ದಿಲ್ಲ. ಊರಲ್ಲೂ ಈಗ ಧ್ವನಿವರ್ಧಕದಲ್ಲಿ ರೆಕಾರ್ಡು ಹಾಕುತ್ತಾರೆ. ಹೀಗಾಗಿ ಅವರ ಆಸೆಯೆಲ್ಲ ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿಗೆ ಹೋಗಿ ಅಂಟಿಕೊಂಡಿತ್ತು.

ಕುವೈತಿನ ಅಹ್ಮದಿಯ ಆಫೀಸೊಂದರಲ್ಲಿ ಅವರು ಟೈಪಿಸ್ಟ್. ಅವರ ಇಂಗ್ಲಿಷ್ ಮ್ಯಾನೇಜರ್ ತನ್ನ ಹಳ್ಳಿಯ ಇಗರ್ಜಿಯ ಚರಿತ್ರೆ ಬರೆಯುತ್ತಿದ್ದ. ಟೈಪು ಮಾಡಿದವರು ಇವರು. ನಿವೃತ್ತನಾಗಿ ಹೊರಡುವಾಗ ಆತ, "ನಿನ್ನ ಕೆಲಸ ಮುಗಿದ ಮೇಲೆ ನಮ್ಮಲ್ಲಿಗೆ ಬಾ, ಗಂಟೆ ನೀನೇ ಬಾರಿಸು" ಎಂದಿದ್ದನಂತೆ. ಅಷ್ಟು ಸಾಕಾಯಿತು.

ನಾವು ಕೆಲವರು ಅವರೊಂದಿಗೆ ಹಂಚಿಕೊಂಡಿದ್ದ ಅಬು ಹಲೀಫಾದ ಫ್ಲಾಟಿನಲ್ಲಿ, ರಜೆಯ ದಿನವಾದ ಶುಕ್ರವಾರದ ಪೂಜೆ ಮುಗಿಸಿ ಬಂದು ಬಂಗುಡೆ ಹೆಚ್ಚುತ್ತಾ ಆ ಹಳ್ಳಿಯ ಚರಿತ್ರೆ ಶುರು.

"ಪ್ಲೇಗಿನಲ್ಲಿ ಪಾದ್ರಿಯೂ ಸತ್ತ ಮಾರಾಯ. ಹೂಳ್ಲಿಕ್ಕೆ ಜನ ಇಲ್ಲ. ಮತ್ತೆ ಒಬ್ಬ ಕುರಿ ಕಾಯುವವ ಬಂದು ಒಬ್ಬನೇ ಗಂಟೆ ಹೊಡೆದನಲ್ಲಾ!"

"ಹೊಟ್ಟಿ ಚುರುಗುಟ್ಟಾಕತ್ತೈತ್ರಿ ಬಾಬ್, ಮೊದಲು ಮೀನ ಒಲಿ ಮ್ಯಾಗ ಇಡ್ರಿ," ಎಂದು ಧಾರವಾಡದವನಾದ ನಾನು ರೇಗಿಸುತ್ತಿದ್ದೆ.

ಕುವೈತಿನಲ್ಲಿರಲು ಕೊಟ್ಟ ಪರವಾನಗಿ, ಇಕಾಮಾ, ಮುಗಿಯುವ ವರ್ಷ ಬಂತು. ಟಿಕೆಟ್ ತೆಗೆಯುವ ಮೊದಲು ಆ ಗಂಟೆಯನ್ನು ಒಮ್ಮೆ ಫೋನಿನಲ್ಲಾದರೂ ಕೇಳಬೇಕೆಂದು, ಪೂಜೆಯಿಂದ ಬಂದವರೇ ಇಂಗ್ಲೆಂಡಿಗೆ ಫೋನು ಮಾಡಿದರು. ನಮಗೂ ಕೇಳಲೆಂದು ಸ್ಪೀಕರ್ ಹಾಕಿದ್ದರು. ಪೂಜೆಯ ಗಂಟೆ ಕೇಳಿಸಿ ಎಂದಾಗ, ಫೋನೆತ್ತಿದ ಮ್ಯಾನೇಜರನ ಮಗಳು, "ಇವತ್ತು ಶುಕ್ರವಾರ ಅಲ್ಲವೇ?" ಎಂದು ನಕ್ಕಳು. ಗಲ್ಫಿನಲ್ಲಿ ಇಷ್ಟು ವರ್ಷ ಇದ್ದು ಅವರಿಗೆ ಪೂಜೆಯ ದಿನವೆಂದರೆ ಶುಕ್ರವಾರವೇ ಆಗಿಹೋಗಿತ್ತು. ನಾಲಿಗೆ ಕಚ್ಚಿಕೊಂಡು, ಭಾನುವಾರ ಮಾಡುತ್ತೇನೆ ಎಂದರು.

ಅವಳ ನಗು ನಿಂತಿತು. ಭಾನುವಾರವೂ ಗಂಟೆಯಿಲ್ಲ. ಜನ ಬರದೆ ಇಗರ್ಜಿ ಮುಚ್ಚಿದೆ, ಯಾರೋ ಕೊಂಡು ಮನೆ ಮಾಡಿಕೊಂಡಿದ್ದಾರೆ, ಗಂಟೆ ಇಳಿಸಿ ಒಯ್ದಿದ್ದಾರೆ. ಅಪ್ಪನಿಗೂ ಈಗ ಯಾವುದೂ ನೆನಪಿಲ್ಲ.

"ಅಲ್ತಾರ್ ಇದ್ದ ಜಾಗದಲ್ಲಿ?" ಎಂದು ಬಾಬ್ ಪೂಜಾಪೀಠದ ಬಗ್ಗೆ ಕೇಳಿದರು.

"ಅಡುಗೆಮನೆ."

ಅಯ್ಯೋ, ಅದೊಂದನ್ನು ಕೇಳಬಾರದಿತ್ತು. ಬಾಬ್ ಫೋನು ಇಟ್ಟು, "ಖಲಾಸ್ ಮಾರಾಯ," ಎಂದರು. ಮುಂದಿನ ಶುಕ್ರವಾರಗಳಲ್ಲಿ ಅವರು ಬಂಗುಡೆ ಹೆಚ್ಚಿದರು, ಸಾರು ಮಾಡಿದರು, ಚರಿತ್ರೆ ತೆಗೆಯಲಿಲ್ಲ.

ಊರಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಬಿಡಲು ಹೋದವನು ನಾನೇ. ಹೇಗಾದರೂ ಮಾತಿಗೆಳೆಯಬೇಕೆನಿಸಿತು. "ಬಾಬ್, ಆ ಕುರಿ ಕಾಯೋನ ಕಥಿ ಇನ್ನೊಮ್ಮೆ ಹೇಳ್ರಿ," ಎಂದೆ.

"ಅವ ಯಾರಿಗೆ ಬಾರಿಸಿದ್ದು ಮಾರಾಯ? ಕೇಳ್ಲಿಕ್ಕೆ ಯಾರಿದ್ರು?" ಎಂದರು.

ಆಗ ಅವರ ಬಲಗೈ ನೋಡಿದೆ. ಟ್ರಾಲಿಯ ಹಿಡಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು.