ಹೊಡೆಯದ ಇನ್‌ಸ್ಪೆಕ್ಟರ್ ಸಂಜೀವಣ್ಣ

ಸಂಜೀವಣ್ಣ ಲಾಠಿ ಎತ್ತುವ ಚಂದವನ್ನು ನೀವು ನೋಡಬೇಕಿತ್ತು. ಬಲಗೈ ಭುಜದಿಂದ ಮೇಲಕ್ಕೆ ಹೋಗುತ್ತಿತ್ತು, ಮೀಸೆ ಅರಳುತ್ತಿತ್ತು, ಹೊಟ್ಟೆಯ ಮೇಲಿನ ಬೆಲ್ಟು ಒಮ್ಮೆ ನರಳುತ್ತಿತ್ತು. ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಕಡೆ ಸರಿಯುತ್ತಿದ್ದರು. ತೊಂದರೆ ಒಂದೇ, ಎತ್ತಿದ ಲಾಠಿ ಕೆಳಗೆ ಬರುತ್ತಿರಲಿಲ್ಲ. ಕಳ್ಳ ಬೆನ್ನು ಬಗ್ಗಿಸಿಕೊಂಡು ಕಾಯುತ್ತಿದ್ದ. ಜನ ಕಾಯುತ್ತಿದ್ದರು. ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುತ್ತಿದ್ದ ನಾನೂ ಕಾಯುತ್ತಿದ್ದೆ. ಸಂಜೀವಣ್ಣ ಲಾಠಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಕೂತ್ಕೊಳ್ಳಿ. ನೀರು ಬೇಕಾ?" ಎಂದು ಕಳ್ಳನನ್ನು ಕೇಳುತ್ತಿದ್ದರು.

ದುಬೈಯಲ್ಲಿ ನಮ್ಮದೊಂದು ಪುಟ್ಟ ಸಂಘ. ವರ್ಷಕ್ಕೊಂದು ಕನ್ನಡ ನಾಟಕ. ಬರೆಯುವುದು, ಆಡಿಸುವುದು, ಸಿಟ್ಟು ಮಾಡುವುದು ಮೂರೂ ಲ್ಯಾನ್ಸಿಯ ಕೆಲಸ. ಅವನ ನಾಟಕ ಎಂದ ಮೇಲೆ ಅದರಲ್ಲಿ ಒಂದು ಪೊಲೀಸ್ ಸ್ಟೇಷನ್ ಇರಲೇಬೇಕು, ಸ್ಟೇಷನ್ನಿನಲ್ಲಿ ಒಬ್ಬ ಕಳ್ಳ ಒದೆ ತಿನ್ನಲೇಬೇಕು. "ಜನ ಬರುದೇ ಅದಕ್ಕೆ" ಎನ್ನುತ್ತಿದ್ದ. ಕಳ್ಳನ ಪಾತ್ರ ಖಾಯಂ ಆಗಿ ಇಕ್ಬಾಲನದು. ಬಂಟ್ವಾಳದ ಕಡೆಯ ಬ್ಯಾರಿ ಹುಡುಗ, ಮೊಬೈಲ್ ಅಂಗಡಿಯಲ್ಲಿ ಕೆಲಸ, ಬಿದಿರಿನ ಕಡ್ಡಿಯಂಥ ಮೈ. ಒದೆ ತಿನ್ನುವುದರಲ್ಲಿ ಅವನನ್ನು ಮೀರಿಸುವವರು ಇಲ್ಲಿಂದ ಅಬುಧಾಬಿಯವರೆಗೆ ಯಾರೂ ಇರಲಿಲ್ಲ. ಇನ್‌ಸ್ಪೆಕ್ಟರನಿಗೆ ಬೇಕಾದ ಮೈಕಟ್ಟು, ಸ್ವರ, ಮೀಸೆ ಇಡೀ ಸಂಘದಲ್ಲಿ ಇದ್ದದ್ದು ಸಂಜೀವಣ್ಣನಿಗೆ ಮಾತ್ರ. ಹೀಗಾಗಿ ಬೇರೆ ದಾರಿ ಇರಲಿಲ್ಲ.

ಹಗಲು ಅವರು ನೈಫ್ ಪೇಟೆಯ ಒಂದು ಅತ್ತರಿನ ಅಂಗಡಿಯಲ್ಲಿ ಇರುತ್ತಿದ್ದರು. ಅವರು ಬರುವ ಮೊದಲೇ ಊದ್ ಅತ್ತರಿನ ಪರಿಮಳ ಬರುತ್ತಿತ್ತು. ನಾಟಕದಲ್ಲಿ ಇನ್‌ಸ್ಪೆಕ್ಟರ್ ದಾಳಿಗೆ ಬಂದರೆ ಕಳ್ಳ ಕಣ್ಣು ಮುಚ್ಚಿಕೊಂಡೇ ಓಡಿ ತಪ್ಪಿಸಿಕೊಳ್ಳಬಹುದಿತ್ತು. ಅಂಗಡಿಯಲ್ಲೂ ಅವರದು ಒತ್ತಾಯವಿಲ್ಲದ ವ್ಯಾಪಾರ. ಗಿರಾಕಿಯ ಮಣಿಕಟ್ಟಿಗೆ ಒಂದು ಹನಿ ಹಚ್ಚಿ ಸುಮ್ಮನೆ ನಿಂತುಬಿಡುತ್ತಿದ್ದರು. "ಮೂಗಿನ ಹತ್ರ ಜಬರ್ದಸ್ತಿ ನಡಿಯುದಿಲ್ಲ ಮಾರಾಯ್ತಿ. ಅದಕ್ಕೆ ಇಷ್ಟ ಆದ್ರೆ ಆಯ್ತು, ಇಲ್ಲದಿದ್ರೆ ಇಲ್ಲ" ಎಂದು ನನಗೆ ಒಮ್ಮೆ ಹೇಳಿದ್ದರು.

ಮೊದಲ ವರ್ಷದ ಪ್ರದರ್ಶನದಲ್ಲಿ ಆದದ್ದು ಹೀಗೆ. ಲಾಠಿ ಎಂದರೆ ಎ.ಸಿ. ಪೈಪಿಗೆ ಸುತ್ತುವ ಕಪ್ಪು ಸ್ಪಂಜಿಗೆ ಕಂದು ಬಣ್ಣ ಬಳಿದದ್ದು. ಅದರಿಂದ ಹೊಡೆದರೆ ನೊಣಕ್ಕೂ ಬೇಸರವಾಗದು. ಸಂಜೀವಣ್ಣ ಅದನ್ನು ಎತ್ತಿದರು, ಇಳಿಸಿದರು, ಮೇಜಿನ ಮೇಲಿಟ್ಟರು. ಆಮೇಲೆ ಸ್ಕ್ರಿಪ್ಟಿನಲ್ಲಿ ಎಲ್ಲೂ ಇಲ್ಲದ ಮಾತು ಶುರು ಮಾಡಿದರು.

"ನೋಡಿ, ನಿಮ್ಮನ್ನು ಯಾಕೆ ಹಿಡಿದದ್ದು ಅಂತ ಹೇಳುದು ನನ್ನ ಕೆಲಸ. ಕೇಳುದು ನಿಮ್ಮ ಹಕ್ಕು. ಮನೆಯವರಿಗೆ ತಿಳಿಸ್ಬೇಕು. ವಕೀಲರು ಬೇಕಾದ್ರೆ ಹೇಳಿ. ನಾಳೆ ಒಳಗೆ ಮ್ಯಾಜಿಸ್ಟ್ರೇಟರ ಎದುರು ಕರ್ಕೊಂಡು ಹೋಗ್ತೇನೆ."

ನಾನು ಮರೆಯಿಂದ "ಹೊಡೀರಿ, ಹೊಡೀರಿ" ಎಂದು ಹೇಳಿಕೊಟ್ಟೆ. ಅವರು ಕೇಳಿಸದವರಂತೆ ನಿಂತರು. ನಾನು ಸ್ವರ ಏರಿಸಿದೆ. ನನ್ನ ಪಕ್ಕದಲ್ಲೇ ಮೈಕ್ ಇದ್ದದ್ದು ಗಮನಕ್ಕೆ ಬರಲಿಲ್ಲ. "ಹೊಡೀರಿ ಮಾರಾಯ್ರೆ!" ಎಂಬ ನನ್ನ ಕೂಗು ಇಡೀ ಸಭಾಂಗಣದಲ್ಲಿ ಮೊಳಗಿತು. ತನ್ನ ಸರದಿ ಬಂತೆಂದು ತಿಳಿದ ಇಕ್ಬಾಲ್, ಒಂದೂ ಪೆಟ್ಟು ಬೀಳದಿದ್ದರೂ "ಅಯ್ಯೋ ಸತ್ತೆ!" ಎಂದು ನೆಲಕ್ಕೆ ಬಿದ್ದು ಉರುಳಾಡಿದ. ಸಂಜೀವಣ್ಣ ಗಾಬರಿಯಾಗಿ ಅವನಿಗೆ ನಿಜವಾಗಿಯೂ ನೀರು ಕುಡಿಸಿದರು. ಜನ ಕುರ್ಚಿಯಿಂದ ಜಾರುವಷ್ಟು ನಕ್ಕರು. ಲ್ಯಾನ್ಸಿ ಮಾತ್ರ ಎರಡು ವಾರ ಯಾರ ಫೋನೂ ಎತ್ತಲಿಲ್ಲ.

ಆದರೂ ನಾಟಕ ಹೆಸರಾಯಿತು. ಅಬುಧಾಬಿಯವರು ಕರೆದರು. ನಾನು ವ್ಯಾನ್ ಓಡಿಸುತ್ತಿದ್ದೆ, ಸಂಜೀವಣ್ಣ ಪಕ್ಕದಲ್ಲಿ, ಹಿಂದೆ ಲ್ಯಾನ್ಸಿ ಮತ್ತು ಇಕ್ಬಾಲ್ ಬಾಯಿ ತೆರೆದು ನಿದ್ದೆ ಹೋಗಿದ್ದರು. ಧೈರ್ಯ ಮಾಡಿ ಕೇಳಿದೆ, "ಸ್ಪಂಜಿನ ಲಾಠಿ ಅಲ್ವಾ ಸಂಜೀವಣ್ಣ? ಒಂದು ಹೊಡೆದ್ರೆ ಎಂತ ಆಗ್ತದೆ?"

ಅವರು ಹೊರಗಿನ ಮರಳು ನೋಡುತ್ತಲೇ ಹೇಳಿದರು.

"ಊರಲ್ಲಿ ಒಂದು ವಾಚಿನ ಅಂಗಡಿಯಲ್ಲಿ ಇದ್ದೆ. ಆಗ ಮೀಸೆ ಕೂಡ ಸರಿ ಬಂದಿರ್ಲಿಲ್ಲ. ಒಂದು ವಾಚು ಕಾಣೆ ಆಯ್ತು. ನನ್ನನ್ನು ಸ್ಟೇಷನ್ನಿಗೆ ಕರ್ಕೊಂಡು ಹೋದ್ರು. ಯಾಕೆ ಅಂತ ಹೇಳ್ಲಿಲ್ಲ. ಕೇಳ್ಬಹುದು ಅಂತ ನಂಗೂ ಗೊತ್ತಿರ್ಲಿಲ್ಲ. ಅಂಗಾಲಿಗೆ ಹೊಡೆದ್ರು. ಸಂಜೆ ವಾಚು ಸಿಕ್ಕಿತು, ಧಣಿಗಳ ಕೋಟಿನ ಕಿಸೆಯಲ್ಲಿ. ಬಟ್ಟೆ ತೊಳೆಯುವವ ತಂದು ಕೊಟ್ಟ."

"ಮತ್ತೆ?"

"ಮತ್ತೆಂತ? ಹೊಡೆದವರೇ ಚಾ ತರಿಸಿದ್ರು. ನಾನು ಕುಡಿದೆ. ಕುಡಿದು 'ಥ್ಯಾಂಕ್ಸ್ ಸರ್' ಅಂತ ಹೇಳಿದೆ. ಪೆಟ್ಟು ಮರ್ತು ಹೋಗಿದೆ ಮಾರಾಯ್ತಿ. ಆ ಥ್ಯಾಂಕ್ಸ್ ಉಂಟಲ್ಲ, ಅದು ಹೋಗುದಿಲ್ಲ."

ಹಕ್ಕುಗಳನ್ನೆಲ್ಲ ಅವರಿಗೆ ಕಲಿಸಿದ್ದು ದುಬೈಯ ಸತ್ವಾ ಬಡಾವಣೆಯ ಹಳೆಯ ವಿಲ್ಲಾದಲ್ಲಿ ಜೊತೆಗಿದ್ದ ಒಬ್ಬ ವಕೀಲನಂತೆ. ಊರಲ್ಲಿ ಕೇಸು ಸಿಗದೆ ಇಲ್ಲಿ ಬಂದು ಟೈಪಿಂಗ್ ಸೆಂಟರ್ ಸೇರಿದವನು. ರಾತ್ರಿ ಅನ್ನ ಬೇಯುವ ತನಕ ಸಂಜೀವಣ್ಣನಿಗೆ ಕಾನೂನು ಹೇಳುತ್ತಿದ್ದನಂತೆ.

ಅಷ್ಟರಲ್ಲಿ ಹಿಂದಿನಿಂದ ಇಕ್ಬಾಲನ ಸ್ವರ ಬಂತು. ನಿದ್ದೆ ಮಾಡಿರಲೇ ಇಲ್ಲ ಅವನು. "ಸಂಜೀವಣ್ಣ, ನಾನು ಥ್ಯಾಂಕ್ಸ್ ಹೇಳುದೇ ಇಲ್ಲ, ಆಯ್ತಾ? ಇವತ್ತು ಒಂದು ಪೆಟ್ಟು ಕೊಡಿ. ನನ್ನ ಆ್ಯಕ್ಟಿಂಗ್ ಹಾಳಾಗ್ತಾ ಉಂಟು."

ಕೊಡಲಿಲ್ಲ.

ಮುಂದಿನ ವರ್ಷ ಲ್ಯಾನ್ಸಿ ಒಂದು ಉಪಾಯ ಹುಡುಕಿದ. ಇಕ್ಬಾಲನನ್ನು ಕುರ್ಚಿಗೆ ಕಟ್ಟುವುದು, ದೀಪ ಆರಿಸುವುದು, ಮರೆಯಲ್ಲಿ ಲ್ಯಾನ್ಸಿಯೇ ದಿಂಬಿಗೆ ಬಡಿಯುವುದು, ಕತ್ತಲಲ್ಲಿ ಇಕ್ಬಾಲ್ ಕಿರುಚುವುದು. ಸಂಜೀವಣ್ಣ ಸುಮ್ಮನೆ ನಿಂತರೆ ಸಾಕು. "ಕನ್ನಡ ಬಾರದ ಅತಿಥಿಗಳು ಕೂಡ ಇರ್ತಾರೆ, ಸ್ವಲ್ಪ ಇಂಗ್ಲಿಷ್ ಹಾಕು" ಎಂದು ಇಕ್ಬಾಲನಿಗೆ ಹೇಳಿದ. ಹಾಗಾಗಿ "ಅಯ್ಯೋ ಸತ್ತೆ" ಜೊತೆಗೆ "ಹೆಲ್ಪ್ ಮೀ" ಸೇರಿತು.

ಭಾನುವಾರ ಮಧ್ಯಾಹ್ನ ಅಲ್ ಕುಸೈಸಿನ ನಮ್ಮ ಫ್ಲ್ಯಾಟಿನಲ್ಲಿ ಉಡುಪು ತೊಟ್ಟು ಅಭ್ಯಾಸ. ಇಕ್ಬಾಲನನ್ನು ನಮ್ಮ ಊಟದ ಕುರ್ಚಿಗೆ ನೈಲಾನ್ ಹಗ್ಗದಲ್ಲಿ ಬಿಗಿದಿದ್ದೆವು. ತುಟಿಯ ತುದಿಗೆ ರಕ್ತ ಇರಲಿ ಎಂದು ನನ್ನ ಲಿಪ್‌ಸ್ಟಿಕ್ ಹಚ್ಚಿದ್ದೆವು. ಹುಡುಗ ಆ ದಿನ ಬಹಳ ಹುರುಪಿನಲ್ಲಿದ್ದ. ಅವನ ಕಿರುಚಾಟಕ್ಕೆ ಅಡುಗೆಮನೆಯ ಗ್ಲಾಸುಗಳು ನಡುಗಿದವು. ಕೆಳಗಿನ ಮಹಡಿಯ ಈಜಿಪ್ಟಿನ ಟೀಚರಮ್ಮ ಅದನ್ನು ಕೇಳಿ, ಮಾಡಬೇಕಾದದ್ದನ್ನೇ ಮಾಡಿದರು. ಪೊಲೀಸರಿಗೆ ಫೋನ್ ಮಾಡಿದರು.

ಬೆಲ್ ಆಯಿತು. ಬಾಗಿಲಿನ ಹತ್ತಿರ ಇದ್ದ ಸಂಜೀವಣ್ಣ, ಖಾಕಿ ಉಡುಪಿನಲ್ಲಿ, ಕೈಯಲ್ಲಿ ಲಾಠಿ ಹಿಡಿದುಕೊಂಡೇ ಬಾಗಿಲು ತೆರೆದರು. ಹೊರಗೆ ಇಬ್ಬರು ಪೊಲೀಸರು. ಮೂರೂ ಯೂನಿಫಾರ್ಮುಗಳು ಒಂದನ್ನೊಂದು ನೋಡಿಕೊಂಡವು. ಸಂಜೀವಣ್ಣ ಸಲ್ಯೂಟ್ ಹೊಡೆದುಬಿಟ್ಟರು.

ಇಬ್ಬರಲ್ಲಿ ಹಿರಿಯವನ ನೋಟ ಒಳಗೆ ಹೋಯಿತು. ಕುರ್ಚಿಗೆ ಕಟ್ಟಿದ ಮನುಷ್ಯ, ತುಟಿಯಲ್ಲಿ ಕೆಂಪು. ಲ್ಯಾನ್ಸಿ ದಿಂಬು ಹಿಡಿದುಕೊಂಡೇ "ಡ್ರಾಮಾ ಸರ್, ಡ್ರಾಮಾ" ಎಂದು ಕೂಗಿದ. ಅಧಿಕಾರಿಗೆ ಹಿಂದಿ ಬರುತ್ತಿತ್ತು. "ಡ್ರಾಮಾ ಬಂದ್ ಕರೋ" ಎಂದ.

ಈಗ ನಗುತ್ತೇನೆ. ಆಗ ನಗುವ ಸ್ಥಿತಿ ಇರಲಿಲ್ಲ. ವೀಸಾ, ಕೆಲಸ, ಮಗಳ ಶಾಲೆ ಎಲ್ಲವೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಕೋಲು ಕೆಳಗಿಡಲು ಹೇಳಿದರು. ಎಲ್ಲರ ಐ.ಡಿ. ಕೇಳಿದರು. ಎಲ್ಲರೂ ಗೋಡೆಯ ಬದಿಯ ಸೋಫಾದಲ್ಲಿ ಕೂರಬೇಕು, ಕೈ ಕಾಣುವ ಹಾಗಿರಬೇಕು. ಕಿರಿಯವನು ಇಕ್ಬಾಲನ ಗಂಟು ಬಿಚ್ಚಲು ನೋಡಿದ, ಬಿಚ್ಚಲಿಲ್ಲ. ಕೊನೆಗೆ ನನ್ನ ಕತ್ತರಿಯಿಂದ ಕತ್ತರಿಸಿದ.

ಸಂಜೀವಣ್ಣನ ಬೆವರು ಹಣೆಯಿಂದ ಮೀಸೆಗೆ, ಮೀಸೆಯಿಂದ ಖಾಕಿಗೆ ಇಳಿಯುತ್ತಿತ್ತು. ಅಂಥ ಹೊತ್ತಿನಲ್ಲಿ ಅವರು ಬಾಯಿ ತೆರೆದರು. ತಮ್ಮ ಮುರುಕು ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, "ಸಾಹೇಬ್, ನಮ್ಮ ಮೇಲೆ ದೂರು ಏನು ಅಂತ ಹೇಳಬಹುದಾ?" ಎಂದು ಕೇಳಿದರು.

ನಾನು ಅವರ ತೋಳು ಚಿವುಟಿದೆ. ಲ್ಯಾನ್ಸಿ ದಿಂಬಿನಲ್ಲಿ ಮುಖ ಹುದುಗಿಸಿದ.

ಅಧಿಕಾರಿ ಒಂದು ಕ್ಷಣ ಅವರನ್ನೇ ನೋಡಿದ. ಆಮೇಲೆ ಹೇಳಿದ. ಯಾರೋ ಸಹಾಯಕ್ಕೆ ಕೂಗುವುದು ಕೇಳಿ ನೆರೆಮನೆಯವರು ತಿಳಿಸಿದ್ದಾರೆ, ನೋಡುವುದು ನಮ್ಮ ಕೆಲಸ, ಈ ಹುಡುಗನೊಡನೆ ಪ್ರತ್ಯೇಕವಾಗಿ ಮಾತಾಡಬೇಕು, ಅಲ್ಲಿಯವರೆಗೆ ಯಾರೂ ಏಳಬಾರದು. ಅಷ್ಟೇ. ಸಂಜೀವಣ್ಣ "ಶುಕ್ರಿಯಾ" ಎಂದರು. ಈ ಥ್ಯಾಂಕ್ಸನ್ನು ತಲೆ ಎತ್ತಿಯೇ ಹೇಳಿದರು.

ಇಕ್ಬಾಲನನ್ನು ಅಡುಗೆಮನೆಗೆ ಕರೆದುಕೊಂಡು ಹೋದರು. ಹೆದರಬೇಡ, ಇವರು ಹೊಡೆಯುತ್ತಾರಾ ಎಂದು ಅಧಿಕಾರಿ ಹಿಂದಿಯಲ್ಲಿ ಕೇಳಿದ್ದು ನಮಗೆ ಕೇಳಿಸಿತು. ಇಕ್ಬಾಲನಿಗೆ ಎಷ್ಟೋ ದಿನದ ದುಃಖ ಒಮ್ಮೆಲೇ ಉಕ್ಕಿ ಬಂತು. "ಇಲ್ಲ ಸರ್! ಹೊಡೆಯುದೇ ಇಲ್ಲ! ಎರಡು ವರ್ಷದಿಂದ ಕೇಳ್ತಾ ಇದ್ದೇನೆ, ಕೈ ಮುಗಿದಿದ್ದೇನೆ, ಒಂದು ಪೆಟ್ಟು ಹೊಡಿಲಿಲ್ಲ ಸರ್ ಈ ಮನುಷ್ಯ!"

ಹೊರಗೆ ಬಂದ ಅಧಿಕಾರಿ ಸ್ಕ್ರಿಪ್ಟ್ ತಿರುವಿ ಹಾಕಿದ, ಸಂಘದ ಕಾರ್ಯಕ್ರಮದ ಪರವಾನಗಿ ನೋಡಿದ. ನೆಲದ ಮೇಲಿದ್ದ ಲಾಠಿ ಎತ್ತಿದ. ಅದು ಅವನ ಕೈಯಲ್ಲಿ ಬಾಡಿದ ಬಸಳೆ ದಂಟಿನ ಹಾಗೆ ಬಗ್ಗಿತು. ಕಿರಿಯವನು ಕಿಟಕಿಯ ಕಡೆ ತಿರುಗಿ ನಿಂತ. ಅವನ ಬೆನ್ನು ಅಲುಗುತ್ತಿತ್ತು.

"ಮಾಡಿ ತೋರಿಸಿ" ಎಂದು ಹಿರಿಯವನು ಲಾಠಿಯನ್ನು ಸಂಜೀವಣ್ಣನ ಕೈಗಿಟ್ಟ.

ಇಕ್ಬಾಲ್ ಓಡಿಹೋಗಿ ಕುರ್ಚಿಯಲ್ಲಿ ಕೂತ. ಜನ್ಮಕ್ಕೊಂದೇ ಅವಕಾಶ ಎಂಬಂತೆ ಬೆನ್ನು ಕೊಟ್ಟ. ಸಂಜೀವಣ್ಣ ಲಾಠಿ ಎತ್ತಿದರು. ಲ್ಯಾನ್ಸಿಯೂ ನಾನೂ ಮನಸ್ಸಿನಲ್ಲೇ ಊರಿನ ಎಲ್ಲ ದೈವಗಳಿಗೂ ಹರಕೆ ಹೇಳಿಕೊಂಡೆವು, ಒಂದು ಪೆಟ್ಟು ಬೀಳಲಿ ಎಂದು. ಸಂಜೀವಣ್ಣ ಲಾಠಿಯನ್ನು ಎರಡೂ ಕೈಯಲ್ಲಿ ಅಧಿಕಾರಿಗೇ ಹಿಂತಿರುಗಿಸಿದರು. "ಮಾಫ್ ಮಾಡಿ ಸಾಹೇಬ್. ಕೂತವನಿಗೆ ಹೊಡಿಲಿಕ್ಕೆ ನನ್ನಿಂದ ಆಗುದಿಲ್ಲ."

ಅಧಿಕಾರಿ ನಮ್ಮ ಕಡೆ ತಿರುಗಿದ. "ಇವರಿಗೆ ಈ ಪಾರ್ಟು ಕೊಟ್ಟವರು ಯಾರು?" ಲ್ಯಾನ್ಸಿ ತಪ್ಪು ಒಪ್ಪಿಕೊಳ್ಳುವವನಂತೆ ಬೆರಳೆತ್ತಿದ. "ಇವರು ಹೊಡೆಯುವುದಿಲ್ಲ. ಬಿಟ್ಟುಬಿಡಿ. ಖಲಾಸ್" ಎಂದ ಅಧಿಕಾರಿ. ಈ ಉಡುಪಿನಲ್ಲಿ ಬೀದಿಗೆ ಇಳಿಯಬಾರದು, ಫ್ಲ್ಯಾಟಿನಲ್ಲಿ ಹೀಗೆ ಕಿರುಚಬಾರದು ಎಂದು ಗದರಿಸಿ, ಐ.ಡಿ. ಕೊಟ್ಟು ಹೊರಟರು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಇಬ್ಬರ ನಗು ಕೇಳಿಸಿತು.

ಲ್ಯಾನ್ಸಿ ಆ ದಿನವೇ ದೃಶ್ಯ ಬದಲಿಸಿದ. ಹೊಸ ದೃಶ್ಯದಲ್ಲಿ ಇನ್‌ಸ್ಪೆಕ್ಟರ್ ಬೈಯುವುದೂ ಇಲ್ಲ. ಕುರ್ಚಿ ಕೊಡುತ್ತಾರೆ, ಹಕ್ಕು ಹೇಳುತ್ತಾರೆ, ಊಟ ಆಯಿತಾ ಎಂದು ಕೇಳುತ್ತಾರೆ. ಒದೆಗೆ ಸಿದ್ಧನಾಗಿ ಬಂದ ಕಳ್ಳ ಮೊದಲು ಅನುಮಾನಪಡುತ್ತಾನೆ, ಮತ್ತೆ ಹೆದರುತ್ತಾನೆ, ಕೊನೆಗೆ ಇಷ್ಟೊಂದು ಮರ್ಯಾದೆ ತಡೆಯಲಾರದೆ ಮಾಡಿದ್ದು, ಮಾಡದ್ದು, ಮುಂದೆ ಮಾಡಬೇಕೆಂದಿದ್ದದ್ದು ಎಲ್ಲ ಒಪ್ಪಿಕೊಳ್ಳುತ್ತಾನೆ. ಇನ್‌ಸ್ಪೆಕ್ಟರು "ಇಷ್ಟೆಲ್ಲ ಹೇಳ್ಬೇಡಿ ಮಾರಾಯ್ರೆ, ಮೊದಲು ವಕೀಲರು ಬರ್ಲಿ" ಎಂದು ಅವನ ಬಾಯಿ ಮುಚ್ಚಿಸಲು ಹೋಗುತ್ತಾರೆ. ಅಷ್ಟು ನಗು ನಮ್ಮ ಸಂಘದ ಯಾವ ನಾಟಕಕ್ಕೂ ಬಿದ್ದಿರಲಿಲ್ಲ. ಈಜಿಪ್ಟಿನ ಟೀಚರಮ್ಮನನ್ನೂ ಕರೆದಿದ್ದೆವು. ಮುಂದಿನ ಸಾಲಿನಲ್ಲಿ ಕೂತು, ಒಂದಕ್ಷರ ತಿಳಿಯದಿದ್ದರೂ, ಇಕ್ಬಾಲನಿಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಅದಾದ ಮೇಲೆ ಸಂಜೀವಣ್ಣ ಹೆಚ್ಚು ಕಾಲ ಇಲ್ಲಿರಲಿಲ್ಲ. ವಯಸ್ಸಾಯಿತು, ಅಂಗಡಿಯ ಧಣಿ ಮಗನ ಕೈಗೆ ವ್ಯಾಪಾರ ಕೊಟ್ಟರು, ಇವರು ಕಾರ್ಕಳದ ಹತ್ತಿರದ ತಮ್ಮ ಊರಿಗೆ, ಹೆಂಡತಿಯ ಬಳಿಗೆ ಹೊರಟರು. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ಸಂಜೀವಣ್ಣನ ಪೆಟ್ಟಿಗೆ ಎತ್ತಿಕೊಟ್ಟ ಇಕ್ಬಾಲ್ ನೇರ ಹೋಗಿ ಕಾರಿನಲ್ಲಿ ಕೂತ. ಈಗ ನಮ್ಮ ನಾಟಕಗಳಲ್ಲಿ ಮದುವೆ ಇದೆ, ಆಸ್ಪತ್ರೆ ಇದೆ, ಸ್ಟೇಷನ್ ಇಲ್ಲ. ಲ್ಯಾನ್ಸಿಗೆ ಬೇರೆ ಇನ್‌ಸ್ಪೆಕ್ಟರ್ ಸರಿ ಕಾಣುವುದಿಲ್ಲ.

ಹೋದ ತಿಂಗಳು ಅವರೇ ಫೋನ್ ಮಾಡಿದರು. ಬೆಳಿಗ್ಗೆ ಬೂತಾಯಿ ಮೀನು ತೆಗೆದುಕೊಂಡು ಬರುವಾಗ, ನೆರೆಯ ಆಟೋ ಡ್ರೈವರ್ ದಿನೇಶನನ್ನು ಯಾವುದೋ ಜಗಳದ ವಿಷಯಕ್ಕೆ ಸ್ಟೇಷನ್ನಿಗೆ ಕರೆದುಕೊಂಡು ಹೋಗಿದ್ದಾರೆಂದು ತಿಳಿಯಿತಂತೆ. ಇವರು ಮನೆಗೆ ಹೋಗದೆ ಮೀನಿನ ಚೀಲದ ಸಮೇತ ಅಲ್ಲಿಗೇ ಹೋದರಂತೆ.

"ನೀವು ಯಾರು ಅಂತ ಕೇಳಿದ್ರು. ಯಾರೂ ಅಲ್ಲ, ನೆರೆಮನೆಯವ ಅಂದೆ. ಎಂತ ಬೇಕು ಅಂತ ಕೇಳಿದ್ರು. ಎಂತದೂ ಬೇಡ, ಕೂತ್ಕೊಳ್ತೇನೆ ಅಂದೆ. ದಿನೇಶನಿಗೆ ನಾನು ಕಾಣುವ ಹಾಗೆ ಬೆಂಚಿನಲ್ಲಿ ಕೂತ್ಕೊಂಡೆ ಮಾರಾಯ್ತಿ."

"ಎಷ್ಟು ಹೊತ್ತು?"

"ಸಂಜೆವರೆಗೆ. ಯಾರೂ ಕೈ ಮಾಡ್ಲಿಲ್ಲ. ಮೊದಲೇ ಒಳ್ಳೆಯವರೋ, ನಾನಿದ್ದೇನೆ ಅಂತಲೋ, ಬೂತಾಯಿ ವಾಸನೆಗೆ ಹತ್ರ ಬರ್ಲಿಕ್ಕೇ ಆಗ್ಲಿಲ್ಲವೋ, ಗೊತ್ತಿಲ್ಲ. ಬಿಟ್ಟು ಕಳಿಸಿದ್ರು."

ನಾನು ನಕ್ಕು ನಕ್ಕು ಕಣ್ಣೊರೆಸಿಕೊಂಡೆ. "ಮನೆಯಲ್ಲಿ ಅಕ್ಕ ಬೈಲಿಲ್ವಾ?"

"ಬೈದಳು, ಮೀನು ಹಾಳು ಮಾಡಿದ್ದಕ್ಕೆ. ಮರುದಿನ ದಿನೇಶ ಇಷ್ಟುದ್ದದ ಅಂಜಲ್ ಮೀನು ತಂದು ಕೊಟ್ಟ. ಈಗ ನಾನು ದಿನಾ ಸ್ಟೇಷನ್ನಿಗೆ ಹೋದ್ರೂ ಅವಳಿಗೆ ಅಡ್ಡಿಯಿಲ್ಲಂತೆ."